ಎಣಿಕೆ ನಾರ್ಮಲ್, ಕಿಡ್ನಿ ಹೇಗಿದೆ? – ಬಿಳಿ ರಕ್ತಕಣದ ಒಂದು ಪಾಠ

ಹತ್ತನೆಯ ತರಗತಿಯ ‘ಜೀವಕ್ರಿಯೆಗಳು’ ಅಧ್ಯಾಯದಲ್ಲಿ ರಕ್ತ ಬರುವುದು ಸಾಗಾಣಿಕೆಯ ಭಾಗದಲ್ಲಿ, ಮೂತ್ರಪಿಂಡ ಬರುವುದು ವಿಸರ್ಜನೆಯ ಭಾಗದಲ್ಲಿ. ದೇಹದಲ್ಲಿ ಇವೆರಡೂ ಬೇರೆಯಾಗಿಲ್ಲ. ಬೋಧನಾಭ್ಯಾಸಕ್ಕೆಂದು ರಾಜಗೋಪಾಲನಗರದ ಪ್ರೌಢಶಾಲೆಯೊಂದರಲ್ಲಿದ್ದಾಗ ಇವನ್ನು ಜೋಡಿಸಿ ಹೇಳುವ ಸಂದರ್ಭ ತಾನಾಗಿ ಬಂತು. ಮೂತ್ರಪಿಂಡಗಳು ದಿನಕ್ಕೆ ಸುಮಾರು 180 ಲೀಟರ್ ಸೋಸಿ, ಒಂದೆರಡು ಲೀಟರನ್ನಷ್ಟೇ ಮೂತ್ರವಾಗಿ ಹೊರಹಾಕುತ್ತವೆ ಎಂದಾಗ ಹುಡುಗಿಯೊಬ್ಬಳು ಕೇಳಿದಳು: “ಮಿಸ್, ನಮ್ಮಪ್ಪಂಗೆ ಶುಗರ್ ಇದೆ. ರಿಪೋರ್ಟಲ್ಲಿ ಬಿಳಿ ರಕ್ತಕಣ ನಾರ್ಮಲ್ ಅಂತಿದೆ. ಹಂಗಾದ್ರೆ ಕಿಡ್ನಿಗೇನೂ ಆಗಿಲ್ಲ ಅಲ್ವಾ?”

ಇಂಥ ಪ್ರಶ್ನೆಯ ಉತ್ತರ ಸಂಜೆಗೆ ಮನೆ ತಲುಪುತ್ತದೆ. ಹಾಗಾಗಿ ಯೋಜನೆಯಲ್ಲಿದ್ದ ಚಿತ್ರಪಟವನ್ನು ಬದಿಗಿಟ್ಟು ಕಪ್ಪುಹಲಗೆಗೆ ಹೋದೆ.

ವಯಸ್ಕರಲ್ಲಿ ಒಂದು ಮೈಕ್ರೊಲೀಟರ್ ರಕ್ತಕ್ಕೆ ಸುಮಾರು 4,000ದಿಂದ 11,000 ಬಿಳಿ ರಕ್ತಕಣಗಳಿದ್ದರೆ ಸಾಮಾನ್ಯ ಎನ್ನುತ್ತಾರೆ. ಇಬ್ಬರ ಲೆಕ್ಕ ಬರೆದೆ. ಇಬ್ಬರಿಗೂ ಒಟ್ಟು 8,000. ಒಬ್ಬರಲ್ಲಿ ನ್ಯೂಟ್ರೊಫಿಲ್ 4,800, ಲಿಂಫೊಸೈಟ್ 2,400. ಇನ್ನೊಬ್ಬರಲ್ಲಿ 6,000 ಮತ್ತು 1,200. ಭಾಗಿಸಿದರೆ ಒಂದು ಕಡೆ 2, ಇನ್ನೊಂದು ಕಡೆ 5. ಒಟ್ಟು ಒಂದೇ ಇದ್ದರೂ ಒಳಗಿನ ಹಂಚಿಕೆ ಬೇರೆ ಎಂದು ಮಕ್ಕಳೇ ಹೇಳಿದರು. ದೀರ್ಘಕಾಲದ ಮೂತ್ರಪಿಂಡ ಕಾಯಿಲೆಯಲ್ಲಿ ಈ ಅನುಪಾತ ಏರಿರುವುದು ಅನೇಕ ರೋಗಿಗಳಲ್ಲಿ ಕಂಡುಬಂದಿದೆ.

ಏಕೆ ಏರುತ್ತದೆ? ಸೋಸುವ ಶಕ್ತಿ ಕುಗ್ಗಿದಾಗ ಕಲ್ಮಶಗಳು ರಕ್ತದಲ್ಲೇ ಉಳಿಯುತ್ತವೆ. ಅವು ನ್ಯೂಟ್ರೊಫಿಲ್‌ಗಳನ್ನು ಕೆಣಕುತ್ತವೆ. ಸೋಂಕು ಇಲ್ಲದಿದ್ದರೂ ಕಣಗಳು ಸದಾ ಚುರುಕಾಗಿರುತ್ತವೆ. ಬಿಳಿ ರಕ್ತಕಣವನ್ನು ಸೈನಿಕ ಎಂದು ಪರಿಚಯಿಸುವುದು ನಮ್ಮೆಲ್ಲರ ರೂಢಿ. ಇಲ್ಲಿ ಆ ಹೋಲಿಕೆ ಸಾಲದು ಎಂಬುದು ನನ್ನ ಅಭಿಪ್ರಾಯ, ಏಕೆಂದರೆ ಇಲ್ಲಿ ಶತ್ರುವೇ ಇಲ್ಲ. ಪಕ್ಕದಲ್ಲೇ ಪೀಣ್ಯ ಇದೆ. ಬಹಳಷ್ಟು ಮಕ್ಕಳ ತಂದೆ ತಾಯಂದಿರು ಅಲ್ಲೇ ದುಡಿಯುತ್ತಾರೆ. “ಕೆಲಸವಿಲ್ಲದಿದ್ದರೂ ಮೋಟರ್ ಆಫ್ ಮಾಡದೆ ಬಿಟ್ಟರೆ?” ಎಂದೆ. “ಬಿಸಿ ಆಗುತ್ತೆ, ಬೇರಿಂಗ್ ಸವೆಯುತ್ತೆ” ಎಂದು ಹಿಂದಿನ ಬೆಂಚಿನಿಂದ ಉತ್ತರ ಬಂತು. ನ್ಯೂಟ್ರೊಫಿಲ್‌ಗಳೂ ಹಾಗೆಯೇ. ಸೂಕ್ಷ್ಮಾಣುಗಳನ್ನು ಕೊಲ್ಲಲೆಂದು ಇಟ್ಟುಕೊಂಡಿರುವ ಕಿಣ್ವಗಳನ್ನೂ ತೀಕ್ಷ್ಣ ಆಕ್ಸಿಜನ್ ಸಂಯುಕ್ತಗಳನ್ನೂ ಹೊರಬಿಟ್ಟು ರಕ್ತನಾಳದ ಒಳಗೋಡೆಯನ್ನೇ ಸವೆಸುತ್ತವೆ. ಈ ರೋಗಿಗಳಿಗೆ ಹೃದಯದ ತೊಂದರೆ ಹೆಚ್ಚಲು ಇದೂ ಒಂದು ಕಾರಣ. ನಿಜವಾದ ಸೋಂಕು ಬಂದಾಗಲೋ, ಇದೇ ಕಣಗಳು ಸರಿಯಾಗಿ ಹೋರಾಡುವುದಿಲ್ಲ.

ಆದರೆ ಅನುಪಾತ ಸೂಚಕ ಮಾತ್ರ, ತೀರ್ಪಲ್ಲ. ಜ್ವರ ಬಂದರೂ, ಸ್ಟೀರಾಯ್ಡ್ ಮಾತ್ರೆ ನುಂಗಿದರೂ ಅದು ಏರಬಹುದು. ಕಾಯಿಲೆಯನ್ನು ಗುರುತಿಸಲು ವೈದ್ಯರು ಮುಖ್ಯವಾಗಿ ನೋಡುವುದು ಎರಡನ್ನು: ರಕ್ತದ ಕ್ರಿಯಾಟಿನಿನ್ ಆಧರಿಸಿ ಲೆಕ್ಕ ಹಾಕಿದ ಸೋಸುವಿಕೆಯ ದರ, ಮತ್ತು ಮೂತ್ರದಲ್ಲಿ ಆಲ್ಬುಮಿನ್. ಏರುಪೇರು ಮೂರು ತಿಂಗಳಿಗೂ ಮೀರಿ ಉಳಿದರೆ ಅದು ದೀರ್ಘಕಾಲದ ಕಾಯಿಲೆ. ಸೋಸುವ ಶಕ್ತಿ ಅರ್ಧದಷ್ಟು ಕುಗ್ಗುವವರೆಗೂ ಕ್ರಿಯಾಟಿನಿನ್ ಸಾಮಾನ್ಯ ಮಿತಿಯಲ್ಲೇ ಕಾಣಬಹುದು. ಆದ್ದರಿಂದ ಮೂತ್ರ ಪರೀಕ್ಷೆಯನ್ನು ಬಿಡುವಂತಿಲ್ಲ. ಸಕ್ಕರೆ ಕಾಯಿಲೆಯವರು ವರ್ಷಕ್ಕೊಮ್ಮೆ ಎರಡನ್ನೂ ಮಾಡಿಸಬೇಕು ಎಂದು ಎಲ್ಲರಿಗೂ ಟಿಪ್ಪಣಿಯಲ್ಲಿ ಬರೆಸಿದೆ.

ಮೌಲ್ಯಮಾಪನಕ್ಕೆ ಒಂದೇ ಪ್ರಶ್ನೆ ಕೊಟ್ಟೆ: ಜ್ವರವಿರುವ ವ್ಯಕ್ತಿಯ ಅನುಪಾತ 6, ಕಿಡ್ನಿ ಕಾಯಿಲೆ ಎನ್ನಬಹುದೇ? ಹೆಚ್ಚಿನವರು ‘ಇಲ್ಲ, ಮೂತ್ರ ಪರೀಕ್ಷೆ ಬೇಕು’ ಎಂದು ಬರೆದರು. ಒಬ್ಬ ಹುಡುಗ ಮಾತ್ರ ಇನ್ನೊಂದು ಸಾಲು ಸೇರಿಸಿದ್ದ: ‘ಮೂರು ತಿಂಗಳ ಹಿಂದಿನ ರಿಪೋರ್ಟ್ ಇದೆಯಾ ಅಂತ ಕೇಳುತ್ತೇನೆ.’