ಗದೆ ಹಿಡಿದರೆ ಬೆನ್ನು ನೆಟ್ಟಗೆ

ಕಳೆದ ವರ್ಷ ನನ್ನ ಮೊಮ್ಮಗಳಿಗೆ ಪ್ರತಿಭಾ ಕಾರಂಜಿಯ ಭಾಷಣ ಸ್ಪರ್ಧೆ ಇತ್ತು. ಏಳನೇ ತರಗತಿ. ಭಾಷಣವೆಲ್ಲ ಬಾಯಿಪಾಠ. ಆದರೆ ಪಡಸಾಲೆಯಲ್ಲಿ ನಾಲ್ಕು ಜನರ ಎದುರು ನಿಲ್ಲಿಸಿದರೆ ಸಾಕು, ಕತ್ತು ಬಗ್ಗಿಸಿ, ಒಂದು ಕಾಲಿನ ಮೇಲೆ ಇನ್ನೊಂದು ಕಾಲಿಟ್ಟು, ತನ್ನ ಹೆಬ್ಬೆರಳಿಗೆ ಭಾಷಣ ಹೇಳುತ್ತಿದ್ದಳು.

"ನೆಟ್ಟಗೆ ನಿಂತ್ಕೊಳೇ" ಎಂದೆ.

"ನೀನೇ ನೆಟ್ಟಗೆ ನಿಲ್ಲಲ್ಲ, ಅಜ್ಜ" ಎಂದಳು.

ಮಾತು ಸುಳ್ಳಲ್ಲ. 37 ವರ್ಷ ಬ್ಯಾಂಕಿನಲ್ಲಿ ಗುಮಾಸ್ತನಾಗಿ ಲೆಡ್ಜರಿನ ಮೇಲೆ ಬಗ್ಗಿದ ಬೆನ್ನು ಇದು. ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಎಂದು ನನ್ನ ಸರ್ವಿಸ್ಸಿನ ಬಹುಪಾಲು ಈ ನಾಲ್ಕು ಊರುಗಳಲ್ಲೇ ಕಳೆಯಿತು. (ಆಗ ಚನ್ನಗಿರಿ, ಹೊನ್ನಾಳಿ ಶಿವಮೊಗ್ಗ ಜಿಲ್ಲೆ, ಜಗಳೂರು ಚಿತ್ರದುರ್ಗ ಜಿಲ್ಲೆ. 1997ರಲ್ಲಿ ದಾವಣಗೆರೆ ಜಿಲ್ಲೆಯಾದ ಮೇಲೆ ಎಲ್ಲರೂ ಒಂದೇ ಮನೆಯವರಾದೆವು.) ಒಮ್ಮೆ ಆಫೀಸರ್ ಹುದ್ದೆಯ ಸಂದರ್ಶನಕ್ಕೆ ಹೋಗಿದ್ದೆ. ಕುರ್ಚಿಯ ತುದಿಯಲ್ಲಿ ಕೂತು, ಎರಡೂ ಕೈ ಮೊಣಕಾಲಿನ ನಡುವೆ ಸಿಕ್ಕಿಸಿಕೊಂಡು ಉತ್ತರ ಹೇಳಿದೆ. ಎದುರಿದ್ದವರೊಬ್ಬರು, "ಉತ್ತರ ನಮಗೆ ಹೇಳಿ, ಮೇಜಿಗಲ್ಲ" ಎಂದರು. ಅಲ್ಲಿಂದ ಮುಂದೆ ಗೊತ್ತಿದ್ದದ್ದೂ ಮರೆತುಹೋಯಿತು. ಗುಮಾಸ್ತನಾಗಿಯೇ ನಿವೃತ್ತನಾದೆ.

ನಿಲ್ಲುವುದು ಹೇಗೆಂದು ನನಗೆ ಹೇಳಿಕೊಟ್ಟವನು ಜಗಳೂರಿನಲ್ಲಿ ನಮ್ಮ ಜೊತೆಗಿದ್ದ ಜವಾನ. ಟೀ ಲೋಟ ಹಿಡಿದು ಮ್ಯಾನೇಜರ್ ಕೋಣೆಗೆ ಹೋಗುವಾಗ ಬಾಗಿಲು ಎತ್ತರವಾಗಿದ್ದರೂ ತಲೆ ತಗ್ಗಿಸಿಯೇ ಹೋಗುವ ಮನುಷ್ಯ. ಮಾತೂ ಅರ್ಧ ಬಾಯಿಯಲ್ಲೇ ಉಳಿಯುತ್ತಿತ್ತು. ಅವನ ಊರಿನ ಜಾತ್ರೆಗೆ 'ಕುರುಕ್ಷೇತ್ರ' ನಾಟಕ, ಬಾ ಎಂದು ಕರೆದಿದ್ದ. ಹೋಗಿ ನೋಡಿದರೆ ಭೀಮ ಅವನೇ! ಎದೆ ಉಬ್ಬಿಸಿ, ಗದೆ ಹೆಗಲಿಗೇರಿಸಿ ರಂಗಕ್ಕೆ ಬಂದ. ಧ್ವನಿ ಮೈಕಿಲ್ಲದೆ ತೇರಿನ ತನಕ ಕೇಳುವ ಹಾಗಿತ್ತು. ಇವನೇನಾ ಅವನು ಎಂದು ನಾನು ಕಣ್ಣುಜ್ಜಿಕೊಂಡೆ.

ಮರುದಿನ ಕೇಳಿದ್ದಕ್ಕೆ ಹೇಳಿದ: "ಸಾರ್, ಧೈರ್ಯ ಬಂದಮೇಲೆ ಗದೆ ಹಿಡಿಯೋದಲ್ಲ. ಗದೆ ಹಿಡಿದ್ರೆ ಬೆನ್ನು ನೆಟ್ಟಗಾಗುತ್ತೆ, ಬೆನ್ನು ನೆಟ್ಟಗಾದ್ರೆ ಉಸಿರು ಬರುತ್ತೆ, ಉಸಿರು ಬಂದ್ರೆ ಮಾತು ಬರುತ್ತೆ. ಹಾರ್ಮೋನಿಯಂ ಮೇಷ್ಟ್ರು ಹೇಳಿಕೊಟ್ಟಿದ್ದು ಇಷ್ಟೇ. ಎರಡೂ ಹಿಮ್ಮಡಿ ನೆಲಕ್ಕೆ ಊರು, ಕೊನೇ ಸಾಲಿನವನ ಮುಖ ನೋಡು."

ಮಕ್ಕಳೇ, ನೀವೂ ಈಗಲೇ ಪರೀಕ್ಷಿಸಿ ನೋಡಬಹುದು. ಮುಂದಕ್ಕೆ ಮುದುಡಿ ಕೂತು ಒಂದು ವಾಕ್ಯ ಜೋರಾಗಿ ಓದಿ. ಆಮೇಲೆ ನಿಂತು ಓದಿ. ಮುದುಡಿದಾಗ ಹೊಟ್ಟೆ ಒತ್ತಿ, ಎದೆಯ ಕೆಳಗಿರುವ ವಪೆ ಎಂಬ ಸ್ನಾಯು ಪೂರ್ತಿ ಕೆಳಗಿಳಿಯುವುದಿಲ್ಲ. ಉಸಿರು ಗಿಡ್ಡವಾಗುತ್ತದೆ, ಧ್ವನಿ ನಡುಗುತ್ತದೆ. ನಮ್ಮ ನಡುಗುವ ಧ್ವನಿ ನಮ್ಮ ಕಿವಿಗೇ ಬಿದ್ದು ಹೆದರಿಕೆ ಇನ್ನಷ್ಟಾಗುತ್ತದೆ.

ಈ ವಿಷಯ ಅಮೆರಿಕದಲ್ಲೂ ದೊಡ್ಡ ಸುದ್ದಿ ಮಾಡಿತ್ತು. 2010ರಲ್ಲಿ ಡಾನಾ ಕಾರ್ನಿ, ಏಮಿ ಕಡ್ಡಿ, ಆಂಡಿ ಯಾಪ್ ಎಂಬ ಮೂವರು 42 ಜನರನ್ನು ಇಟ್ಟುಕೊಂಡು ಪ್ರಯೋಗ ಮಾಡಿದರು. ಕೈಕಾಲು ಅಗಲಿಸಿ ಗತ್ತಿನ ಭಂಗಿಯಲ್ಲಿ ಕೆಲವೇ ನಿಮಿಷ ಇದ್ದರೂ ಧೈರ್ಯ ಹೆಚ್ಚುತ್ತದೆ, ಹಾರ್ಮೋನುಗಳೂ ಬದಲಾಗುತ್ತವೆ ಎಂದರು. 2012ರಲ್ಲಿ ಕಡ್ಡಿಯವರು ಮಾಡಿದ ಭಾಷಣವನ್ನು ಕೋಟಿಗಟ್ಟಲೆ ಜನ ನೋಡಿದರು. ಆದರೆ 2015ರಲ್ಲಿ ಬೇರೆಯವರು 200 ಜನರ ಮೇಲೆ ಅದನ್ನೇ ಮಾಡಿ ನೋಡಿದಾಗ ಹಾರ್ಮೋನಿನ ಲೆಕ್ಕ ತಾಳೆಯಾಗಲಿಲ್ಲ. ಮನಸ್ಸಿಗೆ ಬಲ ಬಂದಂತೆ ಅನ್ನಿಸುವುದು ಮಾತ್ರ ಉಳಿಯಿತು. ಮರುವರ್ಷ ಕಾರ್ನಿಯವರೇ, ಆ ಪರಿಣಾಮ ನಿಜವೆಂದು ತಾನಿನ್ನು ನಂಬುವುದಿಲ್ಲ ಎಂದು ಬರೆದರು. ಲೆಕ್ಕ ತಪ್ಪಿದ್ದನ್ನು ತಾವೇ ಒಪ್ಪಿಕೊಂಡರಲ್ಲ, ಬ್ಯಾಂಕಿನವನಾದ ನನಗೆ ಅವರ ಮೇಲೆ ಗೌರವ ಹೆಚ್ಚಾಯಿತು. ಎರಡು ನಿಮಿಷ ಸೊಂಟದ ಮೇಲೆ ಕೈಯಿಟ್ಟರೆ ಎಲ್ಲ ಸರಿಹೋಗುತ್ತದೆ ಎನ್ನುವವರನ್ನು ನಂಬಬೇಡಿ. ನಮ್ಮ ಭೀಮ ರಂಗದ ಮೇಲೆ ಗರ್ಜಿಸುವ ಮುಂಚೆ ತಿಂಗಳುಗಟ್ಟಲೆ ರಾತ್ರಿ ತಾಲೀಮು ಮಾಡಿದ್ದ.

ಇನ್ನೊಂದು ವಿಷಯ ನನ್ನನ್ನು ಕಾಡುತ್ತದೆ. ಜಾತ್ರೆ ಮುಗಿದ ಸೋಮವಾರ ಭೀಮ ಮತ್ತೆ ತಲೆ ತಗ್ಗಿಸಿ ಟೀ ತಂದ. ನ್ಯಾಮತಿಯಲ್ಲೂ ನೋಡಿದ್ದೇನೆ, ಸಾಲಕ್ಕೆ ಬರುವ ರೈತರು ಬಾಗಿಲಲ್ಲೇ ಹೆಗಲ ಟವೆಲ್ಲು ತೆಗೆದು ಕಂಕುಳಲ್ಲಿ ಇಟ್ಟುಕೊಂಡು, ಅರ್ಧ ಬಗ್ಗಿ ಒಳಗೆ ಬರುತ್ತಿದ್ದರು. ಅವರಿಗೆ ಧೈರ್ಯವಿಲ್ಲ ಎಂದು ನಾನು ಬಹಳ ದಿನ ಅಂದುಕೊಂಡಿದ್ದೆ. ಹಾವಿರುವ ಗದ್ದೆಗೆ ನಡುರಾತ್ರಿ ನೀರು ಕಟ್ಟಲು ಹೋಗುವವರಿಗೆ ಧೈರ್ಯವಿಲ್ಲವೇ? ಬಾಗಿಸಿದ್ದು ನಮ್ಮ ಕೌಂಟರಿನ ಕಂಬಿ, ನಮ್ಮ ಗಡಸು ಮಾತು. ಮುಂದೆ ಕೌಂಟರಿನ ಮುಂದೆ ಒಂದು ಬೆಂಚು ಹಾಕಿಸಿದೆವು. ಕೂತು ಮಾತಾಡತೊಡಗಿದ ಮೇಲೆ ಅವರೇ ಪಾಸ್‌ಬುಕ್ ಬಿಡಿಸಿ, "ಈ ಬಡ್ಡಿ ಹೆಂಗೆ ಬಂತು, ತೋರ್ಸಿ" ಎಂದು ಕೇಳಿದರು. ಒಬ್ಬರ ಲೆಕ್ಕದಲ್ಲಿ ತಪ್ಪು ನನ್ನದೇ ಆಗಿತ್ತು.

ಹಾಗಾಗಿ ಮೊಮ್ಮಗಳಿಗೆ "ನೆಟ್ಟಗೆ ನಿಲ್ಲು" ಎಂದು ಗದರುವುದು ಬಿಟ್ಟು ಮೊದಲು ಅವಳ ಶಾಲೆ ಚೀಲವನ್ನು ಅಂಗಡಿಯ ತಕ್ಕಡಿಗೆ ಹಾಕಿದೆ. ಆರು ಕಿಲೋ! 2019ರ ಸರ್ಕಾರಿ ಸುತ್ತೋಲೆಯ ಪ್ರಕಾರ 6ರಿಂದ 8ನೇ ತರಗತಿಗೆ 3ರಿಂದ 4 ಕಿಲೋ ಮಾತ್ರ ಇರಬೇಕು. ಬೇಡದ ನೋಟ್‌ಬುಕ್ಕುಗಳನ್ನು ತೆಗೆಸಿದೆವು. ಆಮೇಲೆ ಹಿತ್ತಲಲ್ಲಿ ತಾಲೀಮು ಶುರುವಾಯಿತು. ನಾನು ದೂರದ ಅಡಿಕೆ ಮರದ ಬುಡದಲ್ಲಿ ಕುರ್ಚಿ ಹಾಕಿಕೊಂಡು ಕೊನೇ ಸಾಲಿನವನಾದೆ. ಕೇಳದಿದ್ದರೆ ಕೈ ಎತ್ತುತ್ತಿದ್ದೆ. ಎರಡು ವಾರದಲ್ಲಿ ಕೈ ಎತ್ತುವ ಕೆಲಸ ತಪ್ಪಿತು.

ಸ್ಪರ್ಧೆಯ ದಿನ ನಡುವೆ ಒಂದು ಸಾಲು ಮರೆತಳು. ಮೊದಲಾಗಿದ್ದರೆ ಅಳುತ್ತಾ ಇಳಿದುಬರುತ್ತಿದ್ದಳು. ಅವತ್ತು ಹಿಮ್ಮಡಿ ಊರಿ ಸುಮ್ಮನೆ ನಿಂತಳು, ಉಸಿರೆಳೆದುಕೊಂಡಳು, ಮುಂದಿನ ಸಾಲಿನಿಂದ ಶುರು ಮಾಡಿ ಮುಗಿಸಿದಳು. ಬಹುಮಾನ ಬರಲಿಲ್ಲ. ಬಸ್ಸಿನಲ್ಲಿ ಬರುವಾಗ ಕಿಟಕಿ ಪಕ್ಕ ಕೂತು ಹೇಳಿದಳು:

"ಅಜ್ಜ, ಕೊನೇ ಸಾಲಲ್ಲಿ ನಿನ್ನ ಮುಖಾನೇ ನೋಡ್ತಿದ್ದೆ. ನೀನು ಮತ್ತೆ ಗೂನಾಗಿ ಕೂತಿದ್ದೆ."