402 ಮೀಟರ್‌ನ ಸತ್ಯಪರೀಕ್ಷೆ

ಕಾಲು ಮೈಲಿ. ಮೀಟರ್ ಲೆಕ್ಕದಲ್ಲಿ 402. ನಡೆದು ಹೋದರೂ ಐದು ನಿಮಿಷದ ದಾರಿ. ತಿರುವಿಲ್ಲ, ಏರಿಲ್ಲ, ಹಳ್ಳವಿಲ್ಲ, ಎದುರಿನಿಂದ ಲಾರಿ ಬರುವುದಿಲ್ಲ. ಮನೆಮಂದಿಯನ್ನೆಲ್ಲ ತುಂಬಿಕೊಂಡು, ಡಿಕ್ಕಿ ಬಿರಿಯುವಷ್ಟು ಸಾಮಾನು ಹೇರಿಕೊಂಡು ಶಿರಾಡಿ ಘಾಟಿ ಹತ್ತಿ ಇಳಿದ ಕಾರಿಗೆ ಇದೂ ಒಂದು ಓಟವೇ ಅನ್ನಿಸುತ್ತದಲ್ಲವೇ? ಹಾಗಂದುಕೊಂಡು ಹಳೆಯ ಕಾರೊಂದನ್ನು ಈ ನೇರ ಓಟಕ್ಕೆ, ಅಂದರೆ ಡ್ರ್ಯಾಗ್ ರೇಸಿಗೆ, ಸಿದ್ಧ ಮಾಡಲು ಹೊರಟವರ ಗ್ಯಾರೇಜಿಗೆ ಒಮ್ಮೆ ಹೋಗಿ ನೋಡಿ! ಮೂವತ್ತು ವರ್ಷ ತುಟಿ ಬಿಚ್ಚದ ಕಾರು 402 ಮೀಟರ್ ಅಂದದ್ದೇ ತಡ, ತನ್ನ ಗುಟ್ಟುಗಳನ್ನೆಲ್ಲ ಒಂದೊಂದಾಗಿ ಕಕ್ಕತೊಡಗುತ್ತದೆ. ಇಲ್ಲಿ ಸೋರಿಕೆ, ಅಲ್ಲಿ ಬಿರುಕು, ಮತ್ತೊಂದು ಕಡೆ ಹೊಗೆ. ಪ್ರತಿಯೊಂದು ಅವಾಂತರದ ಹಿಂದೆಯೂ ಎಂಥ ಸೊಗಸಾದ ಕಾರ್ಯಕಾರಣ ಇದೆಯೆಂದರೆ, ಒಮ್ಮೆ ಅದರ ರುಚಿ ಹತ್ತಿದವರಿಗೆ ರೇಸಿಗಿಂತ ರಿಪೇರಿಯೇ ಹೆಚ್ಚು ರೋಚಕ.

ಈ ಆಟ ಹುಟ್ಟಿದ್ದೇ ಹಳೆಯ ಕಾರುಗಳಿಂದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಕ್ಯಾಲಿಫೋರ್ನಿಯಾದ ಹುಡುಗರು ಅಗ್ಗಕ್ಕೆ ಸಿಕ್ಕ ಹಳೆಯ ಫೋರ್ಡುಗಳ ಮೈ ಹಗುರ ಮಾಡಿ, ಎಂಜಿನ್ ಹದಗೊಳಿಸಿ ಪಂದ್ಯ ಕಟ್ಟುತ್ತಿದ್ದರು. 1949ರಲ್ಲಿ ಗೊಲೀಟಾದಲ್ಲಿ ಅದಕ್ಕೊಂದು ವ್ಯವಸ್ಥಿತ ರೂಪ ಬಂತು. 1950ರಲ್ಲಿ ಸಾಂಟಾ ಆನಾದ ವಿಮಾನ ಓಡುದಾರಿಯಲ್ಲಿ ಟಿಕೆಟ್ ಇಟ್ಟು ರೇಸ್ ನಡೆಸತೊಡಗಿದರು. 1951ರಲ್ಲಿ ವಾಲಿ ಪಾರ್ಕ್ಸ್ ಎನ್‌ಎಚ್‌ಆರ್‌ಎ ಎಂಬ ಸಂಸ್ಥೆ ಕಟ್ಟಿ ನಿಯಮಗಳನ್ನು ತಂದರು. ನಮ್ಮಲ್ಲೂ ವೇಗದ ಹುಚ್ಚಿಗೆ ಜಾಗ ಕೊಟ್ಟದ್ದು ಓಡುದಾರಿಯೇ: ಚೆನ್ನೈ ಹತ್ತಿರದ ಶೋಳಾವರಂನ ಯುದ್ಧಕಾಲದ ಏರ್‌ಸ್ಟ್ರಿಪ್. ಈಚಿನ ವರ್ಷಗಳಲ್ಲಿ ಲೋನಾವಳ ಬಳಿಯ ಆಂಬಿ ವ್ಯಾಲಿಯ ಓಡುದಾರಿಯಲ್ಲೂ ಕಾರುಗಳು ಜೋಡಿ ಜೋಡಿಯಾಗಿ ಗುಡುಗಿವೆ.

ಈಗ ಒಂದು ಕಾಂಟೆಸಾವನ್ನು ಕಣ್ಣ ಮುಂದೆ ತಂದುಕೊಳ್ಳಿ. ಹಿಂದೂಸ್ತಾನ್ ಮೋಟಾರ್ಸ್ ಬಂಗಾಳದ ಉತ್ತರಪಾರಾದಲ್ಲಿ ತಯಾರಿಸುತ್ತಿದ್ದ ಉದ್ದ ಮೂತಿಯ ಗಂಭೀರ ಕಾರು. ಅದರ ಮೈಕಟ್ಟು ಬ್ರಿಟನ್ನಿನ ವಾಕ್ಸ್‌ಹಾಲ್ ವಿಕ್ಟರ್‌ನದು. ಮೊದಲು ಅಂಬಾಸಿಡರಿನ 1.5 ಲೀಟರ್ ಎಂಜಿನ್ ಹೊತ್ತು ಏದುಸಿರು ಬಿಟ್ಟಿತು, ಆಮೇಲೆ ಜಪಾನಿನ ಇಸುಜು 1.8 ಲೀಟರ್ ಎಂಜಿನ್ ಬಂದು ಕಳೆ ಏರಿತು. ಎಂಜಿನ್ ಮುಂದೆ, ತಳ್ಳುವ ಶಕ್ತಿ ಹಿಂದಿನ ಚಕ್ರಕ್ಕೆ. ಡ್ರ್ಯಾಗ್ ರೇಸಿಗೆ ಇದಕ್ಕಿಂತ ಬೇಕೇ? ಕಾರು ಚಿಮ್ಮಿದಾಗ ಭಾರವೆಲ್ಲ ಹಿಂದಕ್ಕೆ ವಾಲಿ, ತಳ್ಳುವ ಚಕ್ರಗಳನ್ನೇ ನೆಲಕ್ಕೆ ಒತ್ತುತ್ತದೆ!

ನಿದ್ದೆಯಿಂದ ಎಬ್ಬಿಸುವಾಗ

ಹೊಂಗೆ ಮರದ ಕೆಳಗೆ ವರ್ಷಗಟ್ಟಲೆ ನಿಂತಿದ್ದ ಗಾಡಿ. ಹೊಸ ಬ್ಯಾಟರಿ ಕೂರಿಸಿ ಸೆಲ್ಫ್ ಹೊಡೆದರೆ ಮೊದಲ ಅಚ್ಚರಿ ಏರ್ ಫಿಲ್ಟರಿನಿಂದಲೇ ಶುರು: ಒಳಗೆ ಇಲಿ ಗೂಡು! ವೈರಿಂಗನ್ನೂ ಕಡಿದು ಹಾಕಿರುತ್ತವೆ. ಅದನ್ನೆಲ್ಲ ಸರಿ ಮಾಡಿ, ಹೊಸ ಪೆಟ್ರೋಲ್ ಹಾಕಿ, ಎಂಜಿನ್ ಗುರ್ ಅಂದಾಗ ಗ್ಯಾರೇಜಿನಲ್ಲಿ ಚಪ್ಪಾಳೆ. ಹತ್ತು ನಿಮಿಷಕ್ಕೆ ಮತ್ತೆ ಮೌನ. ಯಾಕೆ?

ಉತ್ತರ ಪೆಟ್ರೋಲಿನಲ್ಲೇ ಇದೆ. ಈಗ ಬಂಕುಗಳಲ್ಲಿ ಸಿಗುವುದು ಶೇ 20ರಷ್ಟು ಎಥನಾಲ್ ಬೆರೆಸಿದ ಇಂಧನ. ಎಥನಾಲ್ ಒಳ್ಳೆಯ ದ್ರಾವಕ. ಟ್ಯಾಂಕಿನ ಗೋಡೆಗೆ ದಶಕಗಳಿಂದ ಅಂಟಿದ್ದ ಗೋಂದಿನಂಥ ಜಿಡ್ಡನ್ನೂ ತುಕ್ಕಿನ ಪುಡಿಯನ್ನೂ ಎಬ್ಬಿಸಿ ನೇರ ಫಿಲ್ಟರಿಗೆ, ಅಲ್ಲಿಂದ ಕಾರ್ಬುರೇಟರಿನ ಸೂಜಿಮೊನೆಯಷ್ಟು ಸಣ್ಣ ಜೆಟ್ಟಿಗೆ ಕಳಿಸಿಬಿಡುತ್ತದೆ. ಎಥನಾಲ್ ಕಂಡೇ ಇರದ ಕಾಲದ ರಬ್ಬರ್ ಪೈಪುಗಳು ಅದನ್ನು ಹೀರಿ ಉಬ್ಬುತ್ತವೆ, ಬಿರಿಯುತ್ತವೆ. ಬಿಸಿ ಸೈಲೆನ್ಸರ್ ಪೈಪಿನ ಪಕ್ಕದಲ್ಲಿ ಪೆಟ್ರೋಲ್ ಪೈಪ್ ಬಿರಿದರೆ ಏನಾದೀತೆಂದು ಬಿಡಿಸಿ ಹೇಳಬೇಕಾಗಿಲ್ಲ.

ಇನ್ನು ನೀರು! ಬೋರ್‌ವೆಲ್ಲಿನ ಗಡಸು ನೀರನ್ನೇ ವರ್ಷಾನುಗಟ್ಟಲೆ ರೇಡಿಯೇಟರಿಗೆ ಸುರಿದಿದ್ದರೆ ಎಂಜಿನ್ನಿನ ಒಳದಾರಿಗಳಲ್ಲಿ ಸುಣ್ಣ ಕಟ್ಟಿ ಕಲ್ಲಾಗಿರುತ್ತದೆ. ಮಾರುಕಟ್ಟೆಗೆ ಹೋಗಿ ಬರುವಾಗ ಏನೂ ಗೊತ್ತಾಗುವುದಿಲ್ಲ. ಆಕ್ಸಿಲರೇಟರನ್ನು ಪೂರ್ತಿ ತುಳಿದು ಹಿಡಿದಾಗ ಹುಟ್ಟುವ ಶಾಖಕ್ಕೆ ಹೊರಹೋಗಲು ದಾರಿ ಸಿಗದೆ ಹೆಡ್ ಗ್ಯಾಸ್ಕೆಟ್ ಹಾರುತ್ತದೆ, ನೀರು ಆಯಿಲಿಗೆ ಸೇರುತ್ತದೆ, ಡಿಪ್‌ಸ್ಟಿಕ್ ಎಳೆದರೆ ಮಾಸಲು ಬಿಳುಪು. ಮತ್ತೆ ಎಂಜಿನ್ ಬಿಚ್ಚು, ಮತ್ತೆ ಲೇತ್ ಅಂಗಡಿಗೆ ಓಡು, ಮತ್ತೆ ಬೆಂಗಳೂರಿನ ಜೆ.ಸಿ. ರಸ್ತೆಯಲ್ಲಿ ಬಿಡಿಭಾಗಕ್ಕೆ ಅಲೆ.

ಅಂಗೈಯಗಲದ ರಬ್ಬರ್ ತುಂಡು

ನನ್ನನ್ನು ದಂಗುಬಡಿಸಿದ್ದು ಮಾತ್ರ ಎಂಜಿನ್ ಮೌಂಟಿಂಗ್. ಎಂಜಿನ್ ಕೂತಿರುವುದು ಅಂಗೈಯಗಲದ ರಬ್ಬರ್ ತುಂಡುಗಳ ಮೇಲೆ. ವಯಸ್ಸಾದಂತೆ ಆ ರಬ್ಬರ್ ಗಟ್ಟಿಯಾಗಿ ಕಬ್ಬಿಣದಿಂದ ಬಿಟ್ಟುಕೊಳ್ಳುತ್ತದೆ. ಎಂಜಿನ್ ತನ್ನ ಭಾರಕ್ಕೇ ಕೂತಿರುವುದರಿಂದ ಯಾರ ಗಮನಕ್ಕೂ ಬರುವುದಿಲ್ಲ. ಕ್ಲಚ್ ಬಿಟ್ಟು ಕಾರು ಚಿಮ್ಮಿಸಿದ ಗಳಿಗೆಯಲ್ಲಿ ಎಂಜಿನ್ ತಿರುಚಿಕೊಂಡು ಒಂದು ಮಗ್ಗುಲಿಗೆ ಮೇಲೇಳುತ್ತದೆ. ಆಗ ಅರ್ಥಿಂಗ್ ವೈರು ಕಿತ್ತು ಬರಬಹುದು, ರೇಡಿಯೇಟರಿಗೆ ಫ್ಯಾನ್ ತಾಗಬಹುದು. ಎಲ್ಲಕ್ಕಿಂತ ಭಯಾನಕವಾದದ್ದು ಇನ್ನೊಂದಿದೆ: ಆಕ್ಸಿಲರೇಟರಿನ ಸರಳುಗಳು ಎಳೆದುಕೊಂಡು ಥ್ರಾಟಲ್ ಪೂರ್ತಿ ತೆರೆದು ಅಲ್ಲೇ ಸಿಕ್ಕಿಕೊಳ್ಳಬಹುದು. ನೀವು ಕಾಲು ತೆಗೆದರೂ ಕಾರು ನಿಲ್ಲುವುದಿಲ್ಲ!

ಉತ್ಪ್ರೇಕ್ಷೆ ಅನ್ನಿಸಿತೇ? 1971ರ ಡಿಸೆಂಬರಿನಲ್ಲಿ ಜನರಲ್ ಮೋಟಾರ್ಸ್ ಇದೇ ಕಾರಣಕ್ಕೆ 1965ರಿಂದ 1969ರವರೆಗಿನ ಮಾದರಿಗಳ ಸುಮಾರು 67 ಲಕ್ಷ ಷೆವ್ರೊಲೆ ವಾಹನಗಳನ್ನು ದುರಸ್ತಿಗೆ ಕರೆಸಬೇಕಾಯಿತು. ಮುರಿದ ಮೌಂಟಿಂಗಿನಿಂದ ಎಂಜಿನ್ ಮೇಲೆದ್ದು ಥ್ರಾಟಲ್ ಎಳೆಯುತ್ತಿತ್ತು, ಜೊತೆಗೆ ಬ್ರೇಕಿಗೆ ಬಲ ಕೊಡುವ ನಿರ್ವಾತದ ಪೈಪೂ ಕಳಚಬಹುದಿತ್ತು. ಪರಿಹಾರ ಏನು ಗೊತ್ತೇ? ಎಂಜಿನ್ ಮೇಲೇಳದಂತೆ ಒಂದು ಉಕ್ಕಿನ ಹಗ್ಗ ಬಿಗಿದು ಕೊಟ್ಟರು. ಇಂದಿಗೂ ಡ್ರ್ಯಾಗ್ ಕಾರುಗಳಲ್ಲಿ ಎಂಜಿನ್ನಿಗೆ ಸರಪಳಿ ಕಟ್ಟುವವರಿದ್ದಾರೆ.

ದುರ್ಬಲತೆ ಮನೆ ಬದಲಿಸುತ್ತದೆ

ಈಗ ಈ ಆಟದ ಮೂಲಸೂತ್ರಕ್ಕೆ ಬರೋಣ. ಎಂಜಿನ್ನಿನ ತಿರುಚುಬಲ ಚಕ್ರಕ್ಕೆ ಹಾಗೇ ತಲುಪುವುದಿಲ್ಲ. ಮೊದಲ ಗೇರು ಅದನ್ನು ಮೂರೂವರೆ ಪಟ್ಟು, ಡಿಫರೆನ್ಷಿಯಲ್ ಮತ್ತೆ ನಾಲ್ಕು ಪಟ್ಟು ಹಿಗ್ಗಿಸುತ್ತದೆ ಎಂದಿಟ್ಟುಕೊಂಡರೆ ಹಿಂದಿನ ಆಕ್ಸಲ್ಲಿಗೆ ಬೀಳುವುದು 14 ಪಟ್ಟು ಬಲ. ಅದರ ಜೊತೆಗೆ, ಐದು ಸಾವಿರ ಸುತ್ತಿನಲ್ಲಿ ತಿರುಗುತ್ತಿರುವ ಫ್ಲೈವೀಲ್ ಕ್ಲಚ್ ಬಿಟ್ಟ ಕ್ಷಣದಲ್ಲಿ ಕೊಡುವ ಹೊಡೆತ ಬೇರೆ.

ಮೊದಲು ಸೋಲುವುದು ಕ್ಲಚ್. ಸುಟ್ಟ ವಾಸನೆ, ಎಂಜಿನ್ ಕೂಗುತ್ತದೆ, ಕಾರು ತೆವಳುತ್ತದೆ. ಸರಿ, ಗಟ್ಟಿ ಕ್ಲಚ್ ಹಾಕಿದಿರಿ. ಈಗ ಟೈರು ಜಾರುತ್ತದೆ. ನೀಲಿ ಹೊಗೆ ಎದ್ದು ಕಾರು ಇದ್ದಲ್ಲೇ ಕುಣಿಯುತ್ತದೆ. ಸರಿ, ನೆಲ ಕಚ್ಚುವ ಮೆದು ರಬ್ಬರಿನ ಟೈರು ತಂದಿರಿ. ಅಲ್ಲಿಗೆ ಗೆದ್ದಂತೆ ಎಂದುಕೊಳ್ಳುತ್ತೀರಿ. ಅಷ್ಟರಲ್ಲೇ ಹಿಂದಿನಿಂದ ‘ಠಣ್’ ಎಂಬ ಸದ್ದು: ಬಲವನ್ನು ಹಿಂದಕ್ಕೆ ಒಯ್ಯುವ ಪ್ರೊಪೆಲ್ಲರ್ ಶಾಫ್ಟಿನ ಕೀಲು, ಅಂದರೆ ಯು.ಜೆ. ಕ್ರಾಸ್ ಮುರಿದಿದೆ, ಇಲ್ಲವೇ ಡಿಫರೆನ್ಷಿಯಲ್ಲಿನ ಕ್ರೌನ್ ಪಿನಿಯನ್ನಿನ ಹಲ್ಲು ಉದುರಿದೆ, ಇಲ್ಲವೇ ಆಕ್ಸಲ್ ತುದಿಯ ಹಲ್ಲುಗಳೇ ತಿರುಚಿಕೊಂಡಿವೆ. ಅಷ್ಟು ದಿನ ಆ ಆಕ್ಸಲ್ಲನ್ನು ಕಾಪಾಡಿದ್ದು ಕೆಟ್ಟ ಟೈರು! ಟೈರು ಜಾರಿದಾಗಲೆಲ್ಲ ಹೊಡೆತ ಅಲ್ಲಿಗೇ ಕರಗುತ್ತಿತ್ತು. ಹಿಡಿತ ಸಿಕ್ಕಿದ್ದೇ, ಮುರಿತ ಶುರುವಾಯಿತು. ಕೆರೆಯ ಏರಿಯಲ್ಲಿ ಒಂದು ಕಡೆ ಬಿರುಕು ಮುಚ್ಚಿದರೆ ನೀರು ಮುಂದಿನ ಸಡಿಲ ಜಾಗವನ್ನು ಹುಡುಕಿಕೊಂಡು ನುಗ್ಗುವಂತೆ, ಶಕ್ತಿ ಯಾವಾಗಲೂ ಮುಂದಿನ ದುರ್ಬಲ ಭಾಗವನ್ನು ಪತ್ತೆ ಮಾಡುತ್ತದೆ.

ಈ ದುರ್ಬಲತೆ ಎಲ್ಲಿಂದ ಎಲ್ಲಿಗೆ ಹಾರುತ್ತದೆ ನೋಡಿ. ಎಂಜಿನ್ ಚುರುಕಾಗಲೆಂದು ವಾಲ್ವುಗಳನ್ನು ಹೆಚ್ಚು ಹೊತ್ತು ತೆರೆದಿಡುವ ಕ್ಯಾಮ್‌ಶಾಫ್ಟ್ ಹಾಕುತ್ತೀರಿ. ನಿಧಾನಗತಿಯಲ್ಲಿ ಎಂಜಿನ್ ಸೃಷ್ಟಿಸುವ ನಿರ್ವಾತ ಅದರಿಂದ ಕಡಿಮೆಯಾಗುತ್ತದೆ. ಬ್ರೇಕ್ ಬೂಸ್ಟರ್ ಬದುಕಿರುವುದೇ ಆ ನಿರ್ವಾತದ ಮೇಲೆ. ಅಂದರೆ ಮುಟ್ಟಿದ್ದು ಎಂಜಿನ್ನನ್ನು, ಸೊರಗಿದ್ದು ಬ್ರೇಕ್! ಹಳೆಯ ಬ್ರೇಕ್ ಆಯಿಲ್ ಗಾಳಿಯ ತೇವ ಹೀರಿರುತ್ತದೆ ಎಂಬುದು ಮತ್ತೊಂದು ಆತಂಕ. ಹೊಸ ಡಾಟ್ 4 ದ್ರವ ಕನಿಷ್ಠ 230 ಡಿಗ್ರಿ ಸೆಲ್ಸಿಯಸ್‌ವರೆಗೆ ಕುದಿಯಬಾರದೆಂಬ ಮಾನದಂಡವಿದೆ; ತೇವ ಸೇರಿದ ಮೇಲೆ ಆ ಮಟ್ಟ 155ಕ್ಕೆ ಇಳಿಯುತ್ತದೆ. ಓಡಿಸುವ ಉಮೇದಿನಲ್ಲಿ ನಿಲ್ಲಿಸುವುದನ್ನು ಮರೆತವರ ಕಾರು 402 ಮೀಟರ್ ದಾಟಿದ ಮೇಲೂ ಓಡುತ್ತಲೇ ಇರುತ್ತದೆ.

ಪೆಟ್ಟು ಬಿದ್ದು ಹುಟ್ಟಿದ ನಿಯಮಗಳು

ರೇಸಿನ ದಿನ ಸಾಲಿಗೆ ಬರುವ ಮೊದಲು ಪರಿಶೀಲಕರು ಕಾರಿನ ಕೆಳಗೆ ಟಾರ್ಚ್ ಬಿಡುತ್ತಾರೆ. ಪ್ರೊಪೆಲ್ಲರ್ ಶಾಫ್ಟಿನ ಸುತ್ತ ಉಕ್ಕಿನ ಬಳೆ ಇದೆಯೇ? ಬ್ಯಾಟರಿ ಬಿಗಿಯಾಗಿದೆಯೇ? ಉಕ್ಕಿದ ನೀರು ಟ್ರ್ಯಾಕಿಗೆ ಚೆಲ್ಲದಂತೆ ಡಬ್ಬಿ ಕಟ್ಟಿದ್ದೀರಾ? ಮೊದಲ ಸಲ ಕೇಳಿದಾಗ ಕಿರಿಕಿರಿ. ಕಾರಣ ತಿಳಿದಾಗ ಮೈ ಜುಮ್ಮೆನ್ನುತ್ತದೆ! ಮುಂದಿನ ಕ್ರಾಸ್ ಮುರಿದರೆ ಶಾಫ್ಟಿನ ತುದಿ ನೆಲಕ್ಕೆ ನೆಟ್ಟು, ಓಡುತ್ತಿರುವ ಕಾರನ್ನು ಹಿಂದಿನಿಂದ ಎತ್ತಿ ಒಗೆಯಬಲ್ಲದು. ಅದಕ್ಕೇ ಆ ಬಳೆ, ಅದೂ ಕ್ರಾಸಿನಿಂದ 6 ಇಂಚಿನೊಳಗೆ. ಎನ್‌ಎಚ್‌ಆರ್‌ಎ ನಿಯಮದಂತೆ 13.99 ಸೆಕೆಂಡ್ ಅಥವಾ ಅದಕ್ಕಿಂತ ಬೇಗ ಓಡುವವರಿಗೆ ಹೆಲ್ಮೆಟ್ ಕಡ್ಡಾಯ. ಹಳೆಯ ಕಾರು 11.49ಕ್ಕಿಂತ ಚುರುಕಾದರೆ ರೋಲ್ ಬಾರ್ ಬೇಕು.

ಈ ನಿಯಮಗಳ ಹಿಂದೆ ರಕ್ತ ಸುರಿದ ಇತಿಹಾಸವಿದೆ. 1970ರ ಮಾರ್ಚ್ 8ರಂದು ಲಾಂಗ್ ಬೀಚ್ ಬಳಿಯ ಲಯನ್ಸ್ ಟ್ರ್ಯಾಕಿನಲ್ಲಿ ಹೆಸರಾಂತ ಡ್ರ್ಯಾಗ್ ರೇಸ್ ಚಾಲಕ ಡಾನ್ ಗಾರ್ಲಿಟ್ಸ್ ಅವರ ಕಾರಿನ ಟ್ರಾನ್ಸ್‌ಮಿಷನ್ ಓಟದ ಆರಂಭದಲ್ಲೇ ಸಿಡಿಯಿತು. ಕಾರು ಎರಡು ಹೋಳಾಯಿತು, ಅವರ ಬಲಪಾದದ ಒಂದು ಭಾಗ ಹೋಯಿತು. ಆಗ ಚಾಲಕರು ಕೂರುತ್ತಿದ್ದುದೇ ಎಂಜಿನ್ನಿನ ಹಿಂದೆ, ಗೇರಿನ ಭಾಗಗಳನ್ನು ಕಾಲ ನಡುವೆ ಇಟ್ಟುಕೊಂಡು. ಆಸ್ಪತ್ರೆಯ ಹಾಸಿಗೆಯಲ್ಲಿ ಮಲಗಿದ್ದಾಗ ಗಾರ್ಲಿಟ್ಸ್ ತಲೆಯಲ್ಲಿ ಒಂದೇ ಪ್ರಶ್ನೆ: ಎಂಜಿನ್ನನ್ನೇ ಬೆನ್ನ ಹಿಂದೆ ಇಟ್ಟರೆ ಹೇಗೆ? ಮುಂದಿನ ವರ್ಷವೇ ‘ಸ್ವಾಂಪ್ ರ್‍ಯಾಟ್ 14’ ಎಂಬ ಹಿಂಬದಿ ಎಂಜಿನ್ನಿನ ಕಾರಿನಲ್ಲಿ ಬಂದು ಪೊಮೋನಾದ ವಿಂಟರ್‌ನ್ಯಾಷನಲ್ಸ್ ಗೆದ್ದರು. ಕೆಲವೇ ವರ್ಷಗಳಲ್ಲಿ ಟಾಪ್ ಫ್ಯೂಯೆಲ್ ಎಂಬ ಅತಿ ವೇಗದ ವರ್ಗದ ಕಾರುಗಳೆಲ್ಲ ಅದೇ ದಾರಿ ಹಿಡಿದವು. ಒಂದು ಅಪಘಾತ ಇಡೀ ಕ್ರೀಡೆಯ ಕಾರನ್ನೇ ತಿರುವಿ ಹಾಕಿತು!

ಇಷ್ಟೆಲ್ಲ ನಿಯಮಗಳ ನಡುವೆಯೇ ಹುಚ್ಚಿನ ಹಬ್ಬವೂ ಒಂದಿದೆ. ‘ಹಾಟ್ ರಾಡ್’ ಪತ್ರಿಕೆ 2005ರಲ್ಲಿ ಶುರುಮಾಡಿದ ‘ಡ್ರ್ಯಾಗ್ ವೀಕ್’ನಲ್ಲಿ ಐದು ದಿನ ರೇಸ್, ನಡುವೆ ಸುಮಾರು ಸಾವಿರ ಮೈಲಿ ಸಾರ್ವಜನಿಕ ರಸ್ತೆಯ ಪ್ರಯಾಣ. ಹಿಂದೆ ಲಾರಿ ಇಲ್ಲ, ಸಹಾಯಕ ವಾಹನ ಇಲ್ಲ. ಟೂಲ್ಸ್, ಸ್ಪೇರ್, ರೇಸಿನ ಟೈರು ಎಲ್ಲವನ್ನೂ ಅದೇ ಕಾರು ಹೊತ್ತೋ ಎಳೆದೋ ಒಯ್ಯಬೇಕು. ಪಾರ್ಕಿಂಗ್ ಜಾಗದಲ್ಲಿ ರಾತ್ರಿಯಿಡೀ ಗೇರ್‌ಬಾಕ್ಸ್ ಇಳಿಸಿ ಬೆಳಿಗ್ಗೆ ಸಾಲಿಗೆ ಬಂದು ನಿಲ್ಲುವವರನ್ನು ಅಲ್ಲಿ ಕಾಣಬಹುದು. 2014ರಲ್ಲಿ ಲ್ಯಾರಿ ಲಾರ್ಸನ್ ಎಂಬ ಚಾಲಕ ಅಲ್ಲಿ ಕಾಲು ಮೈಲಿಯನ್ನು 6 ಸೆಕೆಂಡಿಗಿಂತ ಕಡಿಮೆ ಸಮಯದಲ್ಲಿ ದಾಟಿದರು. ಅದೂ ನಂಬರ್ ಪ್ಲೇಟ್ ಇರುವ ಗಾಡಿಯಲ್ಲಿ!

ಮುದಿ ಕಾರೂ ಗೆಲ್ಲಬಲ್ಲದು

ಕೊನೆಯ ಬೆರಗು ಎಲ್ಲಕ್ಕಿಂತ ಸಿಹಿ. ಅಮೆರಿಕದಲ್ಲಿ ಜನಪ್ರಿಯವಾದ ಬ್ರಾಕೆಟ್ ರೇಸಿನಲ್ಲಿ ಪ್ರತಿಯೊಬ್ಬರೂ ತಮ್ಮ ಕಾರು ಎಷ್ಟು ಸೆಕೆಂಡಿನಲ್ಲಿ ಓಡೀತೆಂದು ಮೊದಲೇ ಬರೆದುಕೊಡುತ್ತಾರೆ. ಕಾಂಟೆಸಾ 19 ಎಂದು, ಪಕ್ಕದ ಹೊಸ ಕಾರು 12 ಎಂದು ಬರೆದರೆ ಕಾಂಟೆಸಾಕ್ಕೆ 7 ಸೆಕೆಂಡ್ ಮುಂಚೆ ಹಸಿರು ದೀಪ ಬೀಳುತ್ತದೆ. ಬರೆದುಕೊಟ್ಟದ್ದಕ್ಕಿಂತ ಬೇಗ ಓಡಿದರೂ ಸೋಲು! ಹಾಗಾಗಿ ಇಲ್ಲಿ ಗೆಲ್ಲುವುದು ಪ್ರತಿ ಸಲವೂ ಒಂದೇ ಸಮ ಓಡುವ ಕಾರು. ಕುದಿಯದ ರೇಡಿಯೇಟರ್, ಜಾರದ ಕ್ಲಚ್, ಕಟ್ಟಿಕೊಳ್ಳದ ಜೆಟ್ ಇದ್ದರೆ ಅಂಬಾಸಿಡರ್ ಕೂಡ ನಿನ್ನೆ ಮೊನ್ನೆ ಬಂದ ಟರ್ಬೊ ಕಾರನ್ನು ಮಣಿಸಬಹುದು.

ನಿಮ್ಮ ಶೆಡ್ಡಿನಲ್ಲೂ ಅಂಥದೊಂದು ಕಾರು ಧೂಳು ಹಿಡಿದಿದ್ದರೆ ಟರ್ಬೊಗೆ ದುಡ್ಡು ಸುರಿಯುವ ಮೊದಲು ಪೆಟ್ರೋಲ್ ಪೈಪು, ಎಂಜಿನ್ ಮೌಂಟಿಂಗ್, ಬ್ರೇಕ್ ಆಯಿಲ್ ಬದಲಿಸಿ. ಟೈರಿನ ಮಗ್ಗುಲಲ್ಲಿರುವ ಕೊನೆಯ ನಾಲ್ಕು ಅಂಕೆ ಓದಿ. 2315 ಎಂದಿದ್ದರೆ ಅದು 2015ರ 23ನೇ ವಾರದ್ದು, ಎಸೆದುಬಿಡಿ. ಮುಖ್ಯವಾಗಿ, ಆಸೆ ತಡೆಯದೆ ರಿಂಗ್ ರೋಡಿಗೆ ಮಾತ್ರ ಇಳಿಯಬೇಡಿ. ಅನುಮತಿಯಿಲ್ಲದೆ ಸಾರ್ವಜನಿಕ ಜಾಗದಲ್ಲಿ ರೇಸ್ ಮಾಡುವುದು ಮೋಟಾರು ವಾಹನ ಕಾಯ್ದೆಯ 189ನೇ ಕಲಮಿನ ಪ್ರಕಾರ ಅಪರಾಧ. ಆಕ್ಸಲ್ ಮುರಿಯುವುದೇ ಆದರೆ ಆಂಬುಲೆನ್ಸ್ ಕಾದು ನಿಂತಿರುವ, ಪರಿಶೀಲಕರು ಟಾರ್ಚ್ ಹಿಡಿದಿರುವ ಅಧಿಕೃತ ಟ್ರ್ಯಾಕಿನಲ್ಲೇ ಮುರಿಯಲಿ.