ಗುದ್ದಲಿ ಕೊಳ್ಳೋ ಮುಂಚೆ ಇಷ್ಟು ನೋಡಿ: ಸಸಿ ನೆಡಲು ಯಾವ ಮಣ್ಣಿಗೆ ಯಾವ ಸಲಕರಣೆ?

ಮುಂಗಾರು ಹತ್ತಿರವಾಗುತ್ತಿದ್ದಂತೆ ತಿಪಟೂರು, ತುರುವೇಕೆರೆ, ಗುಬ್ಬಿ ಕಡೆ ತೆಂಗಿನ ಸಸಿ ನೆಡುವ ಕೆಲಸ ಶುರುವಾಗುತ್ತೆ. ಜೊತೆಗೆ ಕಬ್ಬಿಣದ ಅಂಗಡಿಗಳಲ್ಲಿ ಗುದ್ದಲಿ, ಸನಿಕೆ, ಹಾರೆಗೂ ಗಿರಾಕಿ. ಅಗ್ಗಕ್ಕೆ ಸಿಕ್ತು ಅಂತ ತಂದ ಗುದ್ದಲಿ ನಾಲ್ಕು ಗುಂಡಿಗೇ ಬಾಗಿದರೆ ಹೋಗುವುದು ಅದರ ದುಡ್ಡಷ್ಟೇ ಅಲ್ಲ, ಆ ದಿನದ ಆಳಿನ ಕೂಲಿಯೂ ಹೋದಂತೆ.

ಮೊದಲು ಮಣ್ಣು ನೋಡಿ

ತೆಂಗು, ಮಾವಿಗೆ ಸಾಮಾನ್ಯವಾಗಿ 3 ಅಡಿ ಉದ್ದ, ಅಗಲ, ಆಳದ ಗುಂಡಿ ತೆಗೆಯುತ್ತಾರೆ. ಹಿತ್ತಲಿನ ಪಪ್ಪಾಯಿಗೆ 2 ಅಡಿ ಸಾಕು. ಒಣಗಿ ಗಟ್ಟಿಯಾದ ಕೆಂಪು ಮಣ್ಣು, ಕಲ್ಲು ನೆಲವಾದರೆ ಮೊದಲು ಹಾರೆ ಅಥವಾ ಪಿಕಾಸಿಯಿಂದ ಸಡಿಲ ಮಾಡಬೇಕು. ಗುದ್ದಲಿಯಲ್ಲೇ ಕಲ್ಲು ಮೀಟಿದರೆ ಅಲಗು ಬಾಗುತ್ತೆ, ಇಲ್ಲವೇ ಕಾವು ಮುರಿಯುತ್ತೆ. ಸಡಿಲವಾದ ಮಣ್ಣು ಎಳೆದು ಹಾಕಲು ಅಗಲ ಅಲಗಿನ ಸನಿಕೆ ಒಳ್ಳೆಯದು.

ಜಿಗುಟು ಕಪ್ಪು ಮಣ್ಣು ಅಗಲ ಅಲಗಿಗೆ ಮೆತ್ತಿಕೊಂಡು ಭಾರವಾಗುತ್ತೆ. ಅಲ್ಲಿ ಕಿರಿದಾದ ಅಲಗೇ ವಾಸಿ. ಇಂಥ ಮಣ್ಣನ್ನು ಹಸಿ ಇದ್ದಾಗ ಅಗೆದರೆ ಗುಂಡಿಯ ಗೋಡೆ ಸಾರಿಸಿದ ಹಾಗೆ ನುಣ್ಣಗಾಗಿ, ಬೇರು ಹೊರಗೆ ಹೋಗಲಾರದೆ ಒಳಗೇ ಸುತ್ತುತ್ತೆ. ನೆಡುವ ಮುಂಚೆ ಹಾರೆಯ ತುದಿಯಿಂದ ಗೋಡೆ ಕೆದಕಿ ಒರಟು ಮಾಡಿ.

ಅಂಗಡಿಯಲ್ಲಿ ನಾಲ್ಕು ಪರೀಕ್ಷೆ

1. ಅಲಗನ್ನು ತೂಗಿ ಹಿಡಿದು ಕಬ್ಬಿಣದಿಂದ ತಟ್ಟಿ. ಠಣ್ ಅಂದರೆ ಸರಿ. ಮಂಕು ಸದ್ದು ಬಂದರೆ ಬಿರುಕು ಇದೆಯೇ ನೋಡಿ.

2. ಕಾವು ಕೂರುವ ಕಣ್ಣಿನ ಹತ್ತಿರ ಬೆಸುಗೆ ಗಮನಿಸಿ. ತೆಳು ತಗಡಿನ ಮಾಲು ಮೊದಲು ಬಿಡುವುದು ಅಲ್ಲೇ.

3. ಕಾವು ಗಂಟಿಲ್ಲದೆ, ಎಳೆ ನೇರವಾಗಿರಲಿ. ಜಾಲಿ ಮರದ ಕಾವು ಗಟ್ಟಿ. ಬಣ್ಣ ಬಳಿದ ಕಾವಿನಲ್ಲಿ ಬಿರುಕು ಕಾಣೋದಿಲ್ಲ.

4. ಕೆಲಸ ಮಾಡುವವರೇ ಹಿಡಿದು ನೋಡಲಿ. ಕಾವು ಗಿಡ್ಡವಾದರೆ ಬಗ್ಗಿ ಬಗ್ಗಿ ಸೊಂಟ ಹಿಡಿಯುತ್ತೆ. ಗಟ್ಟಿಮುಟ್ಟಾದ ಆಳಿಗೆ ಹೊಂದುವ ತೂಕ ಹಿತ್ತಲಲ್ಲಿ ಗಿಡ ನೆಡುವ ಅಜ್ಜಿಗೆ ಹೊಂದಲ್ಲ.

ಅಂಗಡಿಯವರು ಗಿರಾಕಿಗೆ "ಯಾವ ಮಣ್ಣು, ಯಾರು ಅಗೆಯೋದು?" ಅಂತ ಎರಡು ಮಾತು ಕೇಳಿದರೆ ಮಾಲು ವಾಪಸ್ ಬರೋದು ತಪ್ಪುತ್ತೆ.

ಹಳೇದಿದ್ದರೆ ಹೊಸದು ಬೇಕೇ?

ಅಲಗು ಸವೆದಿದ್ದರೂ ಗಟ್ಟಿ ಇದ್ದರೆ ಕುಲುಮೆಯಲ್ಲಿ ತಟ್ಟಿಸಿ ಮೊನೆ ಮಾಡಿಸಬಹುದು. ಆದರೆ ಕಾವು ಅಲ್ಲಾಡುತ್ತಿದ್ದರೆ ಬೆಣೆ ಹೊಡೆದು ಬಿಗಿ ಮಾಡದೆ ಕೆಲಸಕ್ಕೆ ಇಳಿಯಬೇಡಿ. ಎತ್ತಿದಾಗ ಅಲಗು ಕಳಚಿದರೆ ಎದುರಿಗಿದ್ದವರ ಕಾಲಿಗೋ ತಲೆಗೋ ಬೀಳುತ್ತೆ. ಕೆಲಸ ಮುಗಿದ ಮೇಲೆ ಮಣ್ಣು ತೊಳೆದು, ಒರೆಸಿ, ಎಣ್ಣೆ ಸವರಿ ನೆರಳಲ್ಲಿಟ್ಟರೆ ಮುಂದಿನ ಮಳೆಗೂ ಅದೇ ಗುದ್ದಲಿ ಸಾಕು.